ಕಸದಿಂದ ರಸ? ಮೊದಲು ತಿರುಗಲಿ! (ಭಾಗ 4)

ದೋಸ್ತರೇ, ‘ಕಸದಿಂದ ರಸ’ ಸ್ಪರ್ಧೆ ಅಂದ್ರೆ ನಾವೆಲ್ಲ ಏನ್ ಮಾಡ್ತೀವಿ? ಹಳೇ ಬಾಟಲಿಗೆ ಹೊಸ ಗ್ಲಿಟರ್, ಹೊಸ ಥರ್ಮಾಕೋಲ್, ಹೊಸ ಗಮ್. ಒಂದು ವಾರ ಶೋಕೇಸು, ಆಮೇಲೆ ತಿಪ್ಪೆ. ಕಸ ಜಾಸ್ತಿನೇ ಆಯ್ತು 😅

ನನ್ನ ವಾದ ಇಷ್ಟೇ: ಅಲುಗಾಡೋ ವಸ್ತು ಮಾಡ್ರಿ. ಅದು ಸುಳ್ಳು ಹೇಳಲ್ಲ. ಗಾಳಿಗೆ ತಿರುಗಿದ್ರೆ ಪಾಸು, ಇಲ್ಲಾಂದ್ರೆ ಫೇಲು.

ಹೊಲದ ಕಡೆ ನೋಡ್ರಿ 🌾 ಹಳೇ ಫ್ಯಾನಿನ ರೆಕ್ಕೆ, ಒಂದು ತಟ್ಟೆ. ಗಾಳಿ ಬೀಸಿದ್ರೆ ಢಣಢಣ, ಹಕ್ಕಿ ಪರಾರಿ! ತಪಸಿ ಮರದ ಬೀಜ ನೋಡ್ರಿ, ಕಾಗದದಂಥ ರೆಕ್ಕೆ ಇಟ್ಕೊಂಡೇ ದೂರ ಹಾರುತ್ತೆ. ನೆದರ್ಲೆಂಡ್ಸಿನ ಥಿಯೋ ಯಾನ್ಸನ್ 1990ರಿಂದ ಪ್ಲಾಸ್ಟಿಕ್ ಪೈಪಲ್ಲಿ ಗಾಳಿಗೆ ನಡೆಯೋ ‘ಪ್ರಾಣಿ’ಗಳನ್ನ ಮಾಡ್ತಿದ್ದಾರೆ. ಕೆಂಚನಗುಡ್ಡದಾಗೆ ಹೊಳೆಗಾಳಿ ಫ್ರೀ ಐತಲ್ಲ!

ನೀವೂ ಬಾಟಲಿ ಕತ್ತರಿಸಿ ರೆಕ್ಕೆ ಮಾಡ್ರಿ, ಎಲ್ಲಾ ರೆಕ್ಕೆ ಒಂದೇ ಕಡೆ ಓರೆ ಇರಲಿ. ಮಾಳಿಗೆ ಮೇಲೆ ಒಣಹಾಕಿದ ಸಂಡಿಗೆಗೆ ಅದೇ ಕಾವಲು. ಗಮ್ ಬೇಡ, ದಾರ, ನಟ್ಟು, ಬೋಲ್ಟು ಸಾಕು. ಕೆಟ್ರೆ ಬಿಚ್ಚಿ ರಿಪೇರಿ ಮಾಡ್ಬಹುದು.

ಈಗ ಬಿಕಾಂ ಲೆಕ್ಕ 🧮 ಸಾಮಾನು ಪುಕ್ಕಟೆ, ಆದ್ರೆ ನಿಮ್ಮ ಎರಡು ತಾಸಿನ ಕೂಲಿ? ಅದನ್ನೂ ಖರ್ಚಿಗೆ ಬರೀರಿ. ಮಾರ್ಕು ಕೊಡೋರು ಜಡ್ಜಸ್ ಅಲ್ಲ, ಮುಂದಿನ ಬೇಸಿಗೇಲೂ ಅದನ್ನ ಮಾಳಿಗೆಗೆ ಹತ್ತಿಸೋ ನಿಮ್ಮ ಅವ್ವ.

ನಿಮ್ಮನೇಲಿ ಏನು ತಿರುಗ್ತೈತಿ? ಕಾಮೆಂಟಲ್ಲಿ ಹೇಳ್ರಿ 👇

#ಕಸದಿಂದರಸ #ಕೆಂಚನಗುಡ್ಡ #ಸಿರುಗುಪ್ಪ