ಒಲೆಗೊಬ್ಬ ಮಾನಿಟರ್



ಡಬ್ಬದಲ್ಲಿ ಮರದ ಹೊಟ್ಟನ್ನು ಗಿಡಿದು ತುಂಬಿ, ನಡುವೆ ಬಾಟಲಿ ನಿಲ್ಲಿಸಿ ತೂತು ಮಾಡಿ, ನೀರು ಕಾಯಿಸುತ್ತಿದ್ದ ಹೊಟ್ಟಿನ ಒಲೆ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿರುವ ನನ್ನ ಮಗಳ ಮನೆಯನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದೂ ಅದೇ ಹೊಟ್ಟು. ಅಲ್ಲಿ ಅದನ್ನು ಸೀಮೆಸುಣ್ಣಕ್ಕಿಂತ ಸಪೂರವಾದ ಗುಳಿಗೆಗಳಾಗಿ ಒತ್ತಿ, 40 ಪೌಂಡಿನ, ಅಂದರೆ ಸುಮಾರು 18 ಕಿಲೋ ತೂಕದ ಚೀಲಗಳಲ್ಲಿ ಮಾರುತ್ತಾರೆ. ಹೆಸರು ಪೆಲೆಟ್. ತೊಟ್ಟಿಗೆ ಸುರಿದರೆ ಸಾಕು. ಮೋಟಾರಿನ ತಿರುಪೊಂದು ಅವನ್ನು ಸ್ವಲ್ಪ ಸ್ವಲ್ಪವಾಗಿ ಬೆಂಕಿಗೆ ದೂಡುತ್ತದೆ, ಫ್ಯಾನು ಬಿಸಿಗಾಳಿಯನ್ನು ಕೋಣೆಗೆ ಹರಡುತ್ತದೆ. ಯಾವಾಗ ಉರಿಯಬೇಕು, ಯಾವಾಗ ಆರಬೇಕು ಎಂದು ಆಜ್ಞೆ ಕೊಡುವುದು ಗೋಡೆಯ ಮೇಲಿನ ಥರ್ಮೋಸ್ಟಾಟ್.

ನಾವು ಅಲ್ಲಿದ್ದ ಜನವರಿಯ ಒಂದು ರಾತ್ರಿ ಹೊರಗೆ ಮೈನಸ್ 20 ಡಿಗ್ರಿ ಸೆಲ್ಸಿಯಸ್. "ಮಾವ, ಎಲ್ಲವನ್ನೂ ಯಂತ್ರವೇ ನೋಡಿಕೊಳ್ಳುತ್ತದೆ, ನೀವು ನಿಶ್ಚಿಂತೆಯಿಂದ ಮಲಗಿ" ಎಂದಿದ್ದರು ಅಳಿಯಂದಿರು. ಬೆಳಗಿನ ಜಾವ ನನ್ನಾಕೆ ಎಬ್ಬಿಸಿದಾಗ ಒಲೆ ತಣ್ಣಗಿತ್ತು. ಕೊನೆಯ ಕೋಣೆಯಲ್ಲಿ ಎಂಟು ತಿಂಗಳ ಮೊಮ್ಮಗಳ ಕೈಗಳು ಮಂಜಿನಂತಾಗಿದ್ದವು. ಒಲೆ ಹೊತ್ತಿಸುವ ವಿದ್ಯುತ್ ಕಡ್ಡಿ, ಇಗ್ನೈಟರ್, ಸುಟ್ಟುಹೋಗಿತ್ತು.

ಅಳಿಯಂದಿರು ಒಲೆಯನ್ನು ದೂರಿದರು. ನೆರೆಯ ಹಿರಿಯರೊಬ್ಬರು, ಥರ್ಮೋಸ್ಟಾಟನ್ನೇ ಕಿತ್ತುಹಾಕಿ ಕೈಯಿಂದಲೇ ನಡೆಸಿ ಎಂದರು. ನಾನು ಇಬ್ಬರನ್ನೂ ಒಪ್ಪಲಾರೆ. ಥರ್ಮೋಸ್ಟಾಟ್ ತರಗತಿಯ ಮಾನಿಟರ್ ಇದ್ದಂತೆ. ಹುಡುಗ ಎಷ್ಟೇ ಚುರುಕಾಗಿರಲಿ, ಅವನನ್ನು ಎಲ್ಲಿ ಕೂರಿಸಬೇಕು, ಎಷ್ಟು ಗದ್ದಲವಾದರೆ ಹೆಸರು ಬರೆಯಬೇಕು ಎಂದು ತಿಳಿಸಬೇಕಾದವರು ಮೇಷ್ಟರು.

ನಮ್ಮ ಮಾನಿಟರ್ ಒಲೆಯ ಪಕ್ಕದ ಗೋಡೆಯ ಮೇಲಿದ್ದ. ಮೊದಲ ಬೆಂಚು ಬೆಚ್ಚಗಾದೊಡನೆ ಇಡೀ ತರಗತಿಯೇ ಬೆಚ್ಚಗಾಯಿತೆಂದು ಒಲೆ ಆರಿಸುತ್ತಿದ್ದ. ಕೊನೆಯ ಬೆಂಚಿನ ಮಗು ನಡುಗುತ್ತಿತ್ತು. ಒಂದೇ ಡಿಗ್ರಿ ಇಳಿದರೂ ಮತ್ತೆ ಹೊತ್ತಿಸುತ್ತಿದ್ದ. ಪೆಲೆಟ್ ಒಲೆ ಗ್ಯಾಸ್ ಒಲೆಯಲ್ಲ. ಹೊತ್ತಿಕೊಳ್ಳಲು ಹಲವು ನಿಮಿಷ ಬೇಕು, ಆರಿ ತಣಿಯಲೂ ಅಷ್ಟೇ. ದಿನವಿಡೀ ಹೊತ್ತಿಸಿ ಆರಿಸಿದರೆ ಇಗ್ನೈಟರ್ ಬೇಗ ಸವೆಯುತ್ತದೆ.

ಹೊಸ ಇಗ್ನೈಟರ್ ಹಾಕಿಸಿದ ಮೇಲೆ ಥರ್ಮೋಸ್ಟಾಟನ್ನು ಬಿಸಿಲೂ ಒಲೆಯ ಗಾಳಿಯೂ ತಾಗದ ಓಣಿಯ ಒಳಗೋಡೆಗೆ, ಸುಮಾರು ಐದು ಅಡಿ ಎತ್ತರಕ್ಕೆ ಸರಿಸಿದೆವು. ವ್ಯತ್ಯಾಸವನ್ನು ಒಂದರಿಂದ ಮೂರು ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿಸಿದೆವು. ಕಡುಚಳಿಯಲ್ಲಿ ಒಲೆಯನ್ನು ಪೂರ್ತಿ ಆರಿಸದೆ, ಬೇಕಾದಾಗ ದೊಡ್ಡ ಉರಿ, ಸಾಕಾದಾಗ ಸಣ್ಣ ಉರಿ ಎಂಬ ಕ್ರಮಕ್ಕೆ ಹಾಕಿದೆವು. ವಸಂತದಲ್ಲಿ ಮಾತ್ರ ಆರಿಸಿ ಹೊತ್ತಿಸುವ ಕ್ರಮವೇ ಲೇಸು. ಇಲ್ಲದಿದ್ದರೆ ಸಣ್ಣ ಉರಿಯೇ ಮನೆಯನ್ನು ಅತಿಯಾಗಿ ಕಾಯಿಸುತ್ತದೆ, ಗಾಜಿಗೂ ಮಸಿ ಹಿಡಿಯುತ್ತದೆ. ಈ ಎರಡೂ ಕ್ರಮಗಳು ಎಲ್ಲ ಒಲೆಗಳಲ್ಲೂ ಇರುವುದಿಲ್ಲವಾದ್ದರಿಂದ ಮೊದಲು ಕೈಪಿಡಿಯನ್ನು ಓದಬೇಕು. ಕರೆಂಟು ಹೋದರೆ ತಿರುಪೂ ಫ್ಯಾನೂ ನಿಲ್ಲುತ್ತವೆ ಎಂಬುದನ್ನೂ ಮರೆಯಬಾರದು.

ಕೋಣೆಯ ವಿದ್ಯುತ್ ಥರ್ಮೋಸ್ಟಾಟಿಗೆ 1883ರಲ್ಲಿ ಪೇಟೆಂಟ್ ಪಡೆದ ವಾರೆನ್ ಜಾನ್ಸನ್ ನಮ್ಮ ಕುಲದವರೇ. ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರಿನಲ್ಲಿ ಶಿಕ್ಷಕರ ತರಬೇತಿ ಶಾಲೆಯ ಅಧ್ಯಾಪಕರು. ಕೋಣೆಯ ಬಿಸಿ ನೋಡಲು ಜವಾನ ಪಾಠದ ನಡುವೆ ಬಂದುಹೋಗುತ್ತಿದ್ದುದು ಅವರಿಗೆ ಕಿರಿಕಿರಿಯಾಗಿತ್ತಂತೆ. ಅವರು ತಪ್ಪಿಸಿದ್ದು ಜವಾನನ ಓಡಾಟವನ್ನು. ಕೊನೆಯ ಬೆಂಚಿನ ಕಡೆ ನೋಡುವ ಮೇಷ್ಟರ ಕೆಲಸವನ್ನಲ್ಲ.

ಈಗ ಮಗಳು ಫೋನು ಮಾಡಿದಾಗಲೆಲ್ಲ ನಾನು ಕೇಳುವುದು ಒಂದೇ: "ಥರ್ಮೋಸ್ಟಾಟ್ ಎಷ್ಟು ತೋರಿಸುತ್ತಿದೆ ಎಂದು ಹೇಳಬೇಡಮ್ಮ. ಮಗುವಿನ ಕೈ ಮುಟ್ಟಿ ನೋಡಿ ಹೇಳು."