ಬೂದಿಕೋಟೆಯ ಮಗ, ಮಂಗಳೂರಿನ ಬೂದಿ

ಬೂದಿಕೋಟೆಗೂ ಸಮುದ್ರಕ್ಕೂ ಎತ್ತಣ ಸಂಬಂಧ? ಬಂಗಾರಪೇಟೆ ಬಸ್ಸಿನಲ್ಲಿ ಈ ಮಾತು ಎತ್ತಿದರೆ ನಾಲ್ಕು ಜನ ನಕ್ಕಾರು. ಕೆರೆ ತುಂಬಿದರೆ ಸಾಕಪ್ಪಾ ಅನ್ನುವ ಸೀಮೆ ಇದು. ಆದರೆ ಇದೇ ಊರಲ್ಲಿ ಹುಟ್ಟಿದ ಹೈದರಾಲಿ ಮಂಗಳೂರಿನಲ್ಲಿ ಒಂದು ನೌಕಾಪಡೆಯನ್ನೇ ಕಟ್ಟಿದ್ದ. ಅದು ಸುಟ್ಟುಹೋದ ಕಥೆ ಮಾತ್ರ ಇಲ್ಲಿನ ಭಾಷಣಗಳಲ್ಲಿ ಬರುವುದು ಅಪರೂಪ.

1763ರಲ್ಲಿ ಬಿದನೂರು ಕೈವಶವಾದಾಗ ಮಂಗಳೂರು ಬಂದರೂ ಹೈದರನ ಪಾಲಾಯಿತು. ಹಡಗುಗಳು ತಯಾರಾದವು. 1768ರಲ್ಲಿ ಬೊಂಬಾಯಿಯ ಇಂಗ್ಲಿಷರು ಬಂದರು ಹಿಡಿದಾಗ ಅವುಗಳಲ್ಲಿ ಹಲವು ಅವರ ಕೈ ಸೇರಿದವು. ಅದೇ ವರ್ಷ ಊರು ವಾಪಸ್ ಸಿಕ್ಕಿತು. ಹಡಗುಗಳನ್ನು ಹೊಸದಾಗಿ ಕಟ್ಟಬೇಕಾಯಿತು.

ಆಮೇಲೆ 1780. ಸೆಪ್ಟೆಂಬರ್ 10ರಂದು ಕಂಚಿ ಹತ್ತಿರದ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ಹೈದರ್-ಟಿಪ್ಪು ಕೈಯಲ್ಲಿ ನುಚ್ಚುನೂರಾಯಿತು. ಆರ್ಕಾಟು ಬಿತ್ತು. ಮದರಾಸಿನ ದೊರೆಗಳಿಗೆ ನಿದ್ದೆಯಿಲ್ಲ. ಹೈದರನ ಗಮನವೆಲ್ಲ ಪೂರ್ವಕ್ಕೆ. ಡಿಸೆಂಬರಿನಲ್ಲಿ ಪಶ್ಚಿಮ ಕರಾವಳಿಗೆ ಬಂದವನು ಅಡ್ಮಿರಲ್ ಎಡ್ವರ್ಡ್ ಹ್ಯೂಸ್. ಮಂಗಳೂರಿನಲ್ಲಿ ಲಂಗರು ಹಾಕಿದ್ದ ಮೈಸೂರಿನ ಹಡಗುಗಳ ಮೇಲೆ ಎರಗಿದ. ದಡದ ತೋಪುಗಳು ಇದ್ದರೂ ತಡೆಯಲಾಗಲಿಲ್ಲ. ಹದಿನೇಳು ವರ್ಷದ ಗೇಯ್ಮೆ, ಬೂದಿ!

ಹಡಗು ಹೋದರೆ ಹೋಗಲಿ, ನೆಲದ ಮೇಲೆ ಗೆದ್ದನಲ್ಲ ಅನ್ನುವವರಿದ್ದಾರೆ. ಅಲ್ಲೇ ಇರುವುದು ಎಡವಟ್ಟು. ಹೈದರನ ಕುದುರೆ ಸವಾರರು ಹಳ್ಳಿ ಹಳ್ಳಿ ಕಾವಲು ಕೂತು ದಾರಿ ಕಟ್ಟಿದರೂ ಇಂಗ್ಲಿಷರ ಸೈನ್ಯಕ್ಕೆ ಅಕ್ಕಿ, ಮದ್ದುಗುಂಡು ಸಮುದ್ರದ ಮೇಲೆ ಬರುತ್ತಿತ್ತು. ಜನರಲ್ ಕೂಟ್ ಕಲ್ಕತ್ತೆಯಿಂದ ಮದರಾಸಿಗೆ ಬಂದದ್ದೂ ಹಡಗಿನಲ್ಲೇ. 1781ರ ಜುಲೈ 1ರಂದು ಪೋರ್ಟೊ ನೋವೊದಲ್ಲಿ ಹೈದರ್ ಸೋತಾಗಲೂ ಇಂಗ್ಲಿಷರ ಹಡಗುಗಳು ಕರೆಯಲ್ಲೇ ನಿಂತಿದ್ದವು. ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎದುರು ಅಂಗಡಿಯವನ ಮುಂಬಾಗಿಲು ಮುಚ್ಚಿಸಿ, ಹಿಂಬಾಗಿಲಲ್ಲಿ ಮಾಲು ಇಳಿಯುತ್ತಿದ್ದರೆ ಏನು ಸುಖ? ಕಡೆಗೆ ಹೈದರ್ ಫ್ರೆಂಚರ ಅಡ್ಮಿರಲ್ ಸಫ್ರೆನ್‌ನ ಹಡಗುಗಳನ್ನು ನಂಬಿ ಕೂರಬೇಕಾಯಿತು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ಸತ್ತ. ಮರುವರ್ಷವೇ ಇಂಗ್ಲಿಷರು ಮತ್ತೆ ಸಮುದ್ರದಿಂದ ಇಳಿದು ಮಂಗಳೂರು ಹಿಡಿದರು.

ಹೈದರನನ್ನು ಹೊಗಳುವವರು ಪೊಲ್ಲಿಲೂರಿಗೇ ನಿಲ್ಲುತ್ತಾರೆ, ತೆಗಳುವವರಿಗೆ ಹಡಗು ಬೇಕೇ ಇಲ್ಲ. ಇಬ್ಬರ ಗಲಾಟೆಯಲ್ಲಿ ಹುಡುಗರಿಗೆ ಸಿಗುವುದು ಅರ್ಧ ಮನುಷ್ಯ. ಅಕ್ಷರ ಬಾರದಿದ್ದರೂ ಸಮುದ್ರದ ಬೆಲೆ ಅರಿತಿದ್ದವನು, ಎರಡು ಸಲ ಹಡಗು ಕಳಕೊಂಡವನು ಎಂಬುದೂ ತಿಳಿಯಲಿ. ಬೂದಿಕೋಟೆಯಲ್ಲಿ ಫಲಕ ಬರೆಸುವವರು ಹುಟ್ಟಿದ ಸುದ್ದಿಯ ಕೆಳಗೆ ಈ ಸೋಲಿಗೂ ಎರಡು ಸಾಲು ಜಾಗ ಬಿಡಲಿ.

ಧರ್ಮಸ್ಥಳಕ್ಕೆ ಹೋದ ನಮ್ಮ ಕಡೆಯ ಜನ ಹಾಗೇ ಮಂಗಳೂರು ನೋಡಿ ಬರುವುದುಂಟು. ಲೈಟ್‌ಹೌಸ್ ಗುಡ್ಡದ ಗೋಪುರ ಹೈದರ್ ಕಟ್ಟಿಸಿದ್ದು ಎಂದು ಅಲ್ಲಿ ಹೇಳುವವರಿದ್ದಾರೆ. ಅದಿರಲಿ, ಬೋಳೂರಿನ ಸುಲ್ತಾನ್ ಬತ್ತೇರಿ ನೋಡಬೇಕು. ಗುರುಪುರ ನದಿಯೊಳಗೆ ಯುದ್ಧದ ಹಡಗು ನುಗ್ಗದಂತೆ ಟಿಪ್ಪು ಕಟ್ಟಿಸಿದ ಕಾವಲು ಗೋಪುರ ಅದು. ಕಟ್ಟಿದ ವರ್ಷ 1784. ಹಡಗು ಸುಟ್ಟು ನಾಲ್ಕು ವರ್ಷವಾಗಿತ್ತು.