ನಾಯಿಮರಿಗೆ ‘ಮೃದು’ ಶಾಂಪೂ: ಲೇಬಲ್ ಹೇಳುವುದೇನು, ಚರ್ಮ ಕೇಳುವುದೇನು?

ಎರಡು ತಿಂಗಳ ನಾಯಿಮರಿ ಮನೆಗೆ ಬಂದು ಇನ್ನೂ ವಾರವಾಗಿರುವುದಿಲ್ಲ, ಕೆರೆದುಕೊಳ್ಳಲು ಶುರುಮಾಡುತ್ತದೆ. ಹೊಟ್ಟೆಯ ಮೇಲೆ ಕೆಂಪು ಗುಳ್ಳೆ, ಬೆನ್ನಿನ ಮೇಲೆ ಬಿಳಿ ಹೊಟ್ಟು. ಮನೆಯವರು, ನೆರೆಯವರು, ಅಂಗಡಿಯವರು ತಲೆಗೊಂದು ಸಲಹೆ ಕೊಡುತ್ತಾರೆ. ಮಗುವಿನ ಸೋಪು ಹಾಕಿ, ನೀರಿಗೆ ಎರಡು ಹನಿ ಡೆಟಾಲ್ ಬಿಡಿ, ಬೇವಿನ ಎಣ್ಣೆ ಹಚ್ಚಿ, ಉಣ್ಣೆ ಶಾಂಪೂ ತನ್ನಿ. ಶಿವಮೊಗ್ಗದ ದುರ್ಗಿಗುಡಿಯಲ್ಲಾಗಲಿ, ಭದ್ರಾವತಿಯ ಬಿ.ಎಚ್. ರಸ್ತೆಯಲ್ಲಾಗಲಿ ಅಂಗಡಿಗೆ ಹೋದರೆ ‘ಜೆಂಟಲ್’, ‘ಟಿಯರ್‌ಲೆಸ್’, ‘ನ್ಯಾಚುರಲ್’, ‘ಹೈಪೋಅಲರ್ಜೆನಿಕ್’ ಎಂದು ಬರೆದ ಬಾಟಲಿಗಳ ಸಾಲೇ ಕಾಣುತ್ತದೆ.

ಇವುಗಳಲ್ಲಿ ಯಾವುದು ನಿಜಕ್ಕೂ ಮೃದು? ಉತ್ತರ ಬಾಟಲಿಯ ಮುಂಭಾಗದಲ್ಲಿ ಸಿಗುವುದು ಕಡಿಮೆ. ಅದು ಹಿಂಭಾಗದ ಸಣ್ಣ ಅಕ್ಷರಗಳಲ್ಲಿದೆ, ನಾವು ಸ್ನಾನ ಮಾಡಿಸುವ ರೀತಿಯಲ್ಲಿದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಮರಿಗೆ ಬೇಕಾಗಿರುವುದು ಶಾಂಪೂವೇ?

ನಾಯಿಯ ಚರ್ಮ ನಮ್ಮದಕ್ಕಿಂತ ಹೇಗೆ ಬೇರೆ?

ಚರ್ಮದ ಹೊರಪದರವನ್ನು ಒಂದು ಇಟ್ಟಿಗೆ ಗೋಡೆ ಎಂದುಕೊಳ್ಳಿ. ಜೀವಕೋಶಗಳು ಇಟ್ಟಿಗೆಗಳಾದರೆ, ಅವುಗಳ ನಡುವಿನ ಕೊಬ್ಬಿನ ಅಂಶ ಗಾರೆ. ಒಳಗಿನ ತೇವ ಹೊರಹೋಗದಂತೆ, ಹೊರಗಿನ ರೋಗಾಣು ಒಳಬರದಂತೆ ಈ ಗೋಡೆ ತಡೆಯುತ್ತದೆ. ನಾಯಿಯಲ್ಲಿ ಈ ಗೋಡೆ ನಮ್ಮದಕ್ಕಿಂತ ತೆಳು. ಕೂದಲಿರುವ ಭಾಗಗಳಲ್ಲಿ ಅದರ ಹೊರಚರ್ಮದ ಜೀವಂತ ಪದರಗಳು ಕೆಲವೇ ಕೆಲವು. ಮೈತುಂಬಾ ಇರುವ ಕೂದಲೇ ಅದರ ಮೊದಲ ರಕ್ಷಣೆ. ಮರಿಗಳ ಹೊಟ್ಟೆ, ತೊಡೆಸಂದುಗಳಲ್ಲಿ ಕೂದಲೂ ಕಡಿಮೆ. ಗುಳ್ಳೆಗಳು ಹೆಚ್ಚಾಗಿ ಅಲ್ಲೇ ಕಾಣಿಸಿಕೊಳ್ಳುತ್ತವೆ.

ಇನ್ನೊಂದು ವ್ಯತ್ಯಾಸ ಪಿಎಚ್, ಅಂದರೆ ಆಮ್ಲ–ಕ್ಷಾರದ ಅಳತೆ. ಮನುಷ್ಯರ ಚರ್ಮ ಸ್ವಲ್ಪ ಆಮ್ಲೀಯ, ಸುಮಾರು 5.5. ನಾಯಿಯ ಚರ್ಮ ತಟಸ್ಥಕ್ಕೆ, ಅಂದರೆ 7ಕ್ಕೆ, ಹತ್ತಿರ. ತಳಿ ಮತ್ತು ದೇಹದ ಭಾಗಕ್ಕೆ ತಕ್ಕಂತೆ ಇದು ಏರಿಳಿಯುತ್ತದೆ.

ಮಿಥ್ಯೆ: ಮಗುವಿಗೆ ಒಳ್ಳೆಯದಾದರೆ ಮರಿಗೂ ಒಳ್ಳೆಯದು

ಇದು ಅರ್ಧ ಸತ್ಯ. ಇಲ್ಲಿ ಸೋಪು ಬೇರೆ, ಶಾಂಪೂ ಬೇರೆ.

ಎಣ್ಣೆ ಅಥವಾ ಕೊಬ್ಬನ್ನು ಕ್ಷಾರದೊಂದಿಗೆ ಬೆರೆಸಿ ಮಾಡುವ ಮೈಸೋಪಿನ ಪಿಎಚ್ ಸಾಮಾನ್ಯವಾಗಿ 9ರಿಂದ 10. ಅದು ಮಗುವಿನ ಸೋಪಾಗಲಿ, ಗಂಧದ ಸೋಪಾಗಲಿ, ರಸಾಯನಶಾಸ್ತ್ರ ಒಂದೇ. 1944ರಲ್ಲಿ ಶ್ರೀಗಂಧದ ಎಣ್ಣೆ ಕಾರ್ಖಾನೆ ಕಂಡ ಊರು ಶಿವಮೊಗ್ಗ. ಗಂಧದ ಸೋಪಿನ ಮೇಲೆ ಇಲ್ಲಿನವರಿಗೆ ಅಭಿಮಾನವಿರುವುದು ಸಹಜ. ಆದರೆ ಅದು ನಮ್ಮ ಮೈಗೆ ಮಾಡಿದ್ದು. ನಮಗೆ ಹಿತವೆನಿಸುವ ಪರಿಮಳ ಮರಿಯ ಸೂಕ್ಷ್ಮ ಮೂಗಿಗೆ ಅತಿಯಾಗುತ್ತದೆ. ಚರ್ಮದ ಅಲರ್ಜಿಗೆ ಆಗಾಗ ಕಾರಣವಾಗುವ ವಸ್ತುಗಳಲ್ಲಿ ಸುಗಂಧ ದ್ರವ್ಯಗಳೂ ಸೇರಿವೆ.

ಸೋಪಿಗೆ ನೀರಿನ ಕಾಟವೂ ಇದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಜಿಗುಟು ಕೆನೆಯಾಗುತ್ತದೆ. ಅದು ಕೂದಲಿನ ಬುಡದಲ್ಲಿ ಅಂಟಿಕೊಂಡು ತುರಿಕೆ ತರಬಹುದು. ಶಾಂಪೂಗಳಲ್ಲಿ ಈ ತೊಂದರೆ ಕಡಿಮೆ.

ಮಕ್ಕಳ ಶಾಂಪೂ ಸೋಪಿನಷ್ಟು ಕಠಿಣವಲ್ಲ. ಅಕಸ್ಮಾತ್ ಒಮ್ಮೆ ಬಳಸಿದರೆ ಗಾಬರಿಯಾಗಬೇಕಿಲ್ಲ. ‘ಮನುಷ್ಯರ ಶಾಂಪೂವಿನ ಆಮ್ಲ ನಾಯಿಯ ಚರ್ಮವನ್ನು ಸುಡುತ್ತದೆ’ ಎಂಬ ಮಾತು ಉತ್ಪ್ರೇಕ್ಷೆ. ಎರಡು ನಿಮಿಷದಲ್ಲಿ ತೊಳೆದುಹೋಗುವ ಶಾಂಪೂವಿನ ಮೃದುತನವನ್ನು ಪಿಎಚ್ ಒಂದರಿಂದಲೇ ಅಳೆಯಲು ಬರುವುದಿಲ್ಲ. ಅದರ ನೊರೆ ಬರಿಸುವ ಅಂಶ ಎಷ್ಟು ಪ್ರಬಲ ಎಂಬುದೂ ಅಷ್ಟೇ ಮುಖ್ಯ. ಪದೇಪದೇ ಬಳಸುವುದಕ್ಕೆ ಮಾತ್ರ ನಾಯಿಗೆಂದೇ ಮಾಡಿದ ಶಾಂಪೂ ಮೇಲು.

‘ಹೈಪೋಅಲರ್ಜೆನಿಕ್’ ಎಂದರೆ ಯಾರು ಪರೀಕ್ಷಿಸಿದ್ದಾರೆ?

ಅಲರ್ಜಿ ಆಗುವ ಸಾಧ್ಯತೆ ಕಡಿಮೆ ಎಂಬುದು ಈ ಪದದ ಅರ್ಥ. ಆದರೆ ಎಷ್ಟು ಕಡಿಮೆ, ಯಾವುದಕ್ಕಿಂತ ಕಡಿಮೆ? ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1975ರಲ್ಲಿ, ಈ ಪದ ಬಳಸುವವರು ಪರೀಕ್ಷೆಯ ಆಧಾರ ಕೊಡಬೇಕು ಎಂದು ನಿಯಮ ಮಾಡಿತ್ತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 1977ರಲ್ಲಿ ಆ ನಿಯಮ ರದ್ದಾಯಿತು. ಅಲ್ಲಿ ಇಂದಿಗೂ ಈ ಪದಕ್ಕೆ ಕಾನೂನಿನ ವ್ಯಾಖ್ಯೆಯಿಲ್ಲ. ಇದು ಮನುಷ್ಯರು ಬಳಸುವ ವಸ್ತುಗಳ ಕಥೆ.

ನಮ್ಮಲ್ಲಿ ನಾಯಿ ಶಾಂಪೂವಿನ ಸ್ಥಿತಿ ಇನ್ನೂ ಸಡಿಲ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ ಸೌಂದರ್ಯವರ್ಧಕ ಎಂದರೆ ಮನುಷ್ಯನ ದೇಹಕ್ಕೆ ಹಚ್ಚುವ, ಸುರಿಯುವ, ಚಿಮುಕಿಸುವ ವಸ್ತು. ನಾಯಿಯ ಮೈ ತೊಳೆಯುವ ಸಾದಾ ಶಾಂಪೂ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅದೇ ಕಾಯ್ದೆಯಲ್ಲಿ ‘ಔಷಧ’ ಎಂಬುದರ ವ್ಯಾಖ್ಯೆ ಪ್ರಾಣಿಗಳನ್ನೂ ಒಳಗೊಂಡಿದೆ. ಹಾಗಾಗಿ ಔಷಧಯುಕ್ತ ಶಾಂಪೂಗಳ ಮೇಲೆ ಔಷಧದ ಹೆಸರು, ಶೇಕಡಾ ಪ್ರಮಾಣ, ಲೈಸೆನ್ಸ್ ಸಂಖ್ಯೆ, ಪ್ರಾಣಿ ಚಿಕಿತ್ಸೆಗೆ ಮಾತ್ರ ಎಂಬ ಸೂಚನೆ ಇರಬೇಕು. ಸಾದಾ ಶಾಂಪೂವಿನ ಮೇಲಿನ ‘ಜೆಂಟಲ್’ ಎಂಬ ಪದಕ್ಕೆ ಅಂಥ ಯಾವ ಕಟ್ಟುಪಾಡೂ ಇಲ್ಲ. ಅದು ಮಾರಾಟದ ಮಾತು.

ಹಾಗಾದರೆ ಹಿಂಭಾಗದಲ್ಲಿ ಏನು ನೋಡಬೇಕು?

• ಘಟಕಗಳ ಪಟ್ಟಿ ಇದೆಯೇ? ಪಟ್ಟಿಯೇ ಇಲ್ಲದ ಬಾಟಲಿಯನ್ನು ಸೂಕ್ಷ್ಮ ಚರ್ಮದ ಮರಿಗೆ ತರಬೇಡಿ. ನಾಳೆ ಅಲರ್ಜಿಯಾದರೆ ಯಾವುದರಿಂದ ಎಂದು ವೈದ್ಯರಿಗೂ ತಿಳಿಯುವುದಿಲ್ಲ.

• ನೊರೆ ಬರಿಸುವ ಅಂಶ ಯಾವುದು? ಸೋಡಿಯಂ ಲಾರಿಲ್ ಸಲ್ಫೇಟ್ ಚರ್ಮವನ್ನು ಕೆರಳಿಸುವ ಗುಣಕ್ಕೆ ಎಷ್ಟು ಹೆಸರಾಗಿದೆಯೆಂದರೆ, ಚರ್ಮದ ಸಂಶೋಧನೆಗಳಲ್ಲಿ ಬೇಕೆಂದೇ ಉರಿ ಬರಿಸಲು ಅದನ್ನು ಬಳಸುತ್ತಾರೆ. ಡೆಸಿಲ್ ಗ್ಲುಕೋಸೈಡ್, ಕೋಕಮಿಡೋಪ್ರೊಪೈಲ್ ಬೀಟೇನ್‌ನಂಥವು ಅದಕ್ಕಿಂತ ಸೌಮ್ಯ. ಇವುಗಳಲ್ಲಿ ನೊರೆ ಕಡಿಮೆ ಬರಬಹುದು. ನೊರೆ ಹೆಚ್ಚಿದ್ದರೆ ಕೊಳೆ ಹೆಚ್ಚು ಹೋಗುತ್ತದೆ ಎಂಬುದೂ ಒಂದು ತಪ್ಪು ನಂಬಿಕೆ.

• ಕೆಡದಂತೆ ಇಡುವ ರಾಸಾಯನಿಕ ಯಾವುದು? ಮೀಥೈಲ್‌ಐಸೋಥಯಾಜೋಲಿನೋನ್ ಎಂಬುದನ್ನು ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2013ರಲ್ಲಿ ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತ್ತು. ಅದು ಮನುಷ್ಯರ ಅನುಭವವನ್ನು ಆಧರಿಸಿದ ಎಚ್ಚರಿಕೆ. ಆದರೆ ಮರಿಗೆ ಸ್ನಾನ ಮಾಡಿಸುವ ಕೈ ನಮ್ಮದೇ ತಾನೆ?

• ಸುಗಂಧ, ಬಣ್ಣ ಇಲ್ಲದ್ದು ಸಿಕ್ಕರೆ ಒಳ್ಳೆಯದು. ಓಟ್ಸ್ ಆಧಾರಿತ ಶಾಂಪೂಗಳು ಒಣ ಚರ್ಮದ ತುರಿಕೆಯನ್ನು ಸ್ವಲ್ಪ ಕಾಲ ತಣಿಸುತ್ತವೆ.

• ಎಷ್ಟು ವಯಸ್ಸಿನ ಮರಿಗೆ? ಇದನ್ನು ಬರೆದಿರುವ ಬಾಟಲಿಯನ್ನೇ ಆರಿಸಿ.

ಮಿಥ್ಯೆ: ನೈಸರ್ಗಿಕವಾದದ್ದು ಹಾನಿ ಮಾಡುವುದಿಲ್ಲ

ಮಲೆನಾಡಿನ ಬಚ್ಚಲುಮನೆಗೆ ಸೀಗೆಕಾಯಿ, ಅಂಟುವಾಳ ಹೊಸದಲ್ಲ. ಇವೆರಡರಲ್ಲೂ ನೊರೆ ಬರುವುದು ಸಪೋನಿನ್ ಎಂಬ ಅಂಶದಿಂದ. ಕಣ್ಣಿಗೆ ಬಿದ್ದರೆ ಎಂಥ ಉರಿ ಎಂಬುದನ್ನು ಎಣ್ಣೆಸ್ನಾನ ಮಾಡಿಸಿಕೊಂಡ ಯಾವ ಮಗುವಾದರೂ ಹೇಳೀತು. ನಾಯಿಮರಿ ಕಣ್ಣು ಮುಚ್ಚಿಕೊಂಡು ಕೂರುವುದಿಲ್ಲ.

ಟೀ ಟ್ರೀ ಎಣ್ಣೆಯ ಕಥೆ ಹೆಚ್ಚು ಗಂಭೀರ. ಶುದ್ಧ ಟೀ ಟ್ರೀ ಎಣ್ಣೆಯಿಂದ ವಿಷಬಾಧೆಗೆ ಒಳಗಾದ 443 ನಾಯಿ, ಬೆಕ್ಕುಗಳ ವಿವರವನ್ನು ಅಮೆರಿಕದ ಸಂಶೋಧಕರು 2014ರಲ್ಲಿ ಪ್ರಕಟಿಸಿದರು. ಜೊಲ್ಲು ಸುರಿಯುವುದು, ಕಾಲು ತಡವರಿಸುವುದು, ನಡುಕ, ನಿತ್ರಾಣ ಮುಖ್ಯ ಲಕ್ಷಣಗಳು. ಶಾಂಪೂಗಳಲ್ಲಿ ಇದು ಬಹಳ ತೆಳುವಾಗಿರುತ್ತದೆ. ಅಪಾಯ ಇರುವುದು ಸಣ್ಣ ಶೀಶೆಯ ಎಣ್ಣೆಯನ್ನು ನೇರವಾಗಿ ಹಚ್ಚುವುದರಲ್ಲಿ. ಬೇವಿನ ಎಣ್ಣೆಯನ್ನು ಹಾಗೇ ಬಳಿಯುವಾಗಲೂ ಇದು ನೆನಪಿರಲಿ: ನಾಯಿ ಮೈ ನೆಕ್ಕುತ್ತದೆ. ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೂ ಹೋಗುತ್ತದೆ.

ಡೆಟಾಲ್ ಹನಿಗಳಿಗೂ ಇದೇ ಮಾತು. ಅದರಲ್ಲಿರುವ ಕ್ಲೋರೋಕ್ಸಿಲೆನಾಲ್, ಪೈನ್ ಎಣ್ಣೆ, ಆಲ್ಕೋಹಾಲ್ ಮರಿಯ ಕೆರೆದ ಚರ್ಮಕ್ಕೆ ಉರಿ, ನೆಕ್ಕಿದ ಬಾಯಿಗೆ ಹುಣ್ಣು. ಮನೆಯಲ್ಲಿ ಬೆಕ್ಕಿದ್ದರೆ ಅಪಾಯ ಇನ್ನೂ ಹೆಚ್ಚು.

ಉಣ್ಣೆಯ ಭಯ: ನಮ್ಮ ಜಿಲ್ಲೆಯ ವಿಶೇಷ ಸಂಗತಿ

ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಶಿವಮೊಗ್ಗ ಜಿಲ್ಲೆಯವರಿಗೆ ಉಣ್ಣೆ ಎಂದರೆ ಬರಿಯ ಕಿರಿಕಿರಿಯಲ್ಲ. ಹಾಗಾಗಿ ಮರಿಯ ಕಿವಿಯಲ್ಲಿ ಒಂದು ಉಣ್ಣೆ ಕಂಡರೂ ಪ್ರಬಲ ಕೀಟನಾಶಕ ಶಾಂಪೂ ತರುವವರಿದ್ದಾರೆ.

ಇಲ್ಲಿ ಎರಡು ವಿಷಯ ತಿಳಿದಿರಬೇಕು. ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣ್ಣೆ. ಪೇಟೆಯ ನಾಯಿಗಳ ಮೈಯಲ್ಲಿ ಸಾಮಾನ್ಯವಾಗಿ ಕಾಣುವುದು ಬೇರೆ ಜಾತಿಯ ಕಂದು ಉಣ್ಣೆ. ಅದು ನಾಯಿಗೆ ಎರ್ಲಿಕಿಯಾದಂಥ ‘ಟಿಕ್ ಫೀವರ್’ ತರಬಲ್ಲದು, ಆದ್ದರಿಂದ ಅದನ್ನೂ ಕಡೆಗಣಿಸುವಂತಿಲ್ಲ. ಕಾಡಂಚಿನ ಮನೆಗಳಲ್ಲಿ ನಾಯಿ ಕಾಡಿಗೆ ಹೋಗಿ ಬರುತ್ತಿದ್ದರೆ ದಿನವೂ ಅದರ ಮೈ ನೋಡಬೇಕು.

ಎರಡನೆಯದು, ಕಂದು ಉಣ್ಣೆ ತನ್ನ ಆಯುಷ್ಯದ ಹೆಚ್ಚು ಭಾಗ ಕಳೆಯುವುದು ನಾಯಿಯ ಮೈಯಲ್ಲಲ್ಲ. ಗೋಡೆಯ ಬಿರುಕು, ಬಾಗಿಲಿನ ಸಂದು, ಮಲಗುವ ಗೋಣಿಚೀಲದಲ್ಲಿ. ಹೆಣ್ಣು ಉಣ್ಣೆ ಅಲ್ಲೇ ಸಾವಿರಾರು ಮೊಟ್ಟೆ ಇಡುತ್ತದೆ. ಶಾಂಪೂ ಮೈಮೇಲಿದ್ದವನ್ನು ಕೊಂದರೂ ನಾಳೆ ಮತ್ತೆ ಹತ್ತುತ್ತವೆ. ಆಗ ಮತ್ತೆ ಶಾಂಪೂ, ಮತ್ತೆ ಉರಿ. ಅಮಿಟ್ರಾಜ್‌ನಂಥ ಔಷಧ ನಾಲ್ಕು ತಿಂಗಳೊಳಗಿನ ಮರಿಗೆ ಸಲ್ಲದು. ಪರ್ಮೆಥ್ರಿನ್ ಇರುವ ನಾಯಿ ಶಾಂಪೂ ಮನೆಯ ಬೆಕ್ಕಿಗೆ ಪ್ರಾಣಾಂತಿಕ. ಮರಿಯ ವಯಸ್ಸು, ತೂಕಕ್ಕೆ ಹೊಂದುವ ಹನಿ ಅಥವಾ ಮಾತ್ರೆಯನ್ನು ಪಶುವೈದ್ಯರಿಂದ ಬರೆಸಿಕೊಳ್ಳಿ. ಜೊತೆಗೆ ಮಲಗುವ ಜಾಗವನ್ನು ಶುಚಿಯಾಗಿಡಿ.

ಶಾಂಪೂ ಬದಲು ಸೂಕ್ಷ್ಮದರ್ಶಕ ಬೇಕಾದಾಗ

‘ಸೂಕ್ಷ್ಮ ಚರ್ಮ’ ಎಂಬುದು ರೋಗದ ಹೆಸರಲ್ಲ. ಆ ಹೆಸರಿನ ಹಿಂದೆ ಹಲವು ಕಾರಣಗಳು ಅಡಗಿರುತ್ತವೆ. ಮರಿಗಳಲ್ಲಿ ಕಜ್ಜಿ ನುಸಿ, ಡೆಮೊಡೆಕ್ಸ್ ನುಸಿ, ಚಿಗಟ, ಹುಳುಕಡ್ಡಿ ಎಲ್ಲವೂ ಸಾಮಾನ್ಯ. ಬೆನ್ನಿನ ಹೊಟ್ಟು ತಾನೇ ಚಲಿಸುವಂತೆ ಕಂಡರೆ ಅದು ಹೊಟ್ಟಲ್ಲ, ಶೈಲೆಟಿಯೆಲ್ಲಾ ಎಂಬ ನುಸಿ ಇರಬಹುದು. ಇವುಗಳಲ್ಲಿ ಯಾವುದೂ ಸೌಮ್ಯ ಶಾಂಪೂವಿನಿಂದ ವಾಸಿಯಾಗುವುದಿಲ್ಲ. ಹುಳುಕಡ್ಡಿ ಮತ್ತು ಕಜ್ಜಿ ಮರಿಯನ್ನು ಅಪ್ಪಿಕೊಳ್ಳುವ ಮಕ್ಕಳಿಗೂ ಅಂಟುತ್ತವೆ. ‘ಇನ್ನೊಂದು ಶಾಂಪೂ ನೋಡೋಣ’ ಎಂದು ಕಳೆಯುವ ಪ್ರತಿ ವಾರದ ಬೆಲೆ ಇದು.

ವೈದ್ಯರು ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಲವು ನುಸಿಗಳು ಕೆಲವೇ ನಿಮಿಷಗಳಲ್ಲಿ ಪತ್ತೆಯಾಗುತ್ತವೆ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಭದ್ರಾವತಿಯವರು ಮೊದಲು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ತೋರಿಸಬಹುದು. ಹೋಗುವ ಮುನ್ನಿನ ಒಂದೆರಡು ದಿನ ಸ್ನಾನ ಮಾಡಿಸಬೇಡಿ. ಹೊಟ್ಟು, ಹಕ್ಕಳೆ ತೊಳೆದುಹೋದರೆ ಸಾಕ್ಷಿಯೂ ತೊಳೆದುಹೋದಂತೆ.

ಕೂದಲು ವೃತ್ತಾಕಾರದಲ್ಲಿ ಉದುರಿದ್ದರೆ, ಕೀವು ಅಥವಾ ದುರ್ವಾಸನೆಯಿದ್ದರೆ, ರಾತ್ರಿ ನಿದ್ದೆಗೆಡುವಷ್ಟು ತುರಿಕೆಯಿದ್ದರೆ, ಮನೆಯವರಿಗೂ ತುರಿಕೆ ಶುರುವಾಗಿದ್ದರೆ ಕಾಯಬೇಡಿ.

ಸ್ನಾನ ಮಾಡಿಸುವ ಕ್ರಮ

1. ಎಂಟು ವಾರದೊಳಗಿನ ಮರಿಗೆ ಸ್ನಾನ ಬೇಡ. ಬೆಚ್ಚನೆಯ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

2. ಹಂಡೆಯ ಬಿಸಿನೀರು ನಮಗೆ ಹಿತ, ಮರಿಗಲ್ಲ. ಉಗುರುಬೆಚ್ಚಗಿರಲಿ. ಬಿಸಿ ಹೆಚ್ಚಾದರೆ ತುರಿಕೆ ಕೆರಳುತ್ತದೆ.

3. ಶಾಂಪೂವನ್ನು ಚೊಂಬು ನೀರಿನಲ್ಲಿ ತೆಳು ಮಾಡಿ ಹಾಕಿ, ಉಜ್ಜಬೇಡಿ. ಔಷಧಯುಕ್ತವಾದರೆ ಮಾತ್ರ ವೈದ್ಯರು ಹೇಳಿದಂತೆ; ಹೆಚ್ಚಿನವು ಕೆಲಸ ಮಾಡಲು ಸುಮಾರು 10 ನಿಮಿಷ ಮೈಮೇಲಿರಬೇಕು.

4. ಹಚ್ಚಿದ್ದಕ್ಕಿಂತ ಹೆಚ್ಚು ಹೊತ್ತು ತೊಳೆಯಿರಿ. ಉಳಿದ ಶಾಂಪೂವೇ ಎಷ್ಟೋ ಸಲ ತುರಿಕೆಗೆ ಕಾರಣ.

5. ಕಂಕುಳು, ತೊಡೆಸಂದು, ಬೆರಳ ಸಂದು ಪೂರ್ತಿ ಒಣಗಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಇದೇ ಕಷ್ಟದ ಕೆಲಸ. ತೇವ ಉಳಿದಲ್ಲಿ ಯೀಸ್ಟ್ ಬೆಳೆಯುತ್ತದೆ, ಚಳಿಗೆ ಮರಿಯೂ ಸೊರಗುತ್ತದೆ. ಬಿಸಿಲಿಲ್ಲದ ದಿನ ಸ್ನಾನ ಮುಂದೂಡಿ.

6. ಆರೋಗ್ಯವಂತ ಮರಿಗೆ ತಿಂಗಳಿಗೊಮ್ಮೆ ಸಾಕು. ಹೊಸ ಶಾಂಪೂವನ್ನು ಮೊದಲು ಅಂಗೈಯಗಲ ಜಾಗಕ್ಕೆ ಹಾಕಿ ತೊಳೆದು, ಒಂದು ದಿನ ನೋಡಿ.

ಒಟ್ಟಿನಲ್ಲಿ

ಪಟ್ಟಿಯಲ್ಲಿ ಘಟಕಗಳು ಸ್ಪಷ್ಟವಾಗಿರುವ, ಸುಗಂಧವಿಲ್ಲದ, ಮರಿಯ ವಯಸ್ಸಿಗೆ ಹೊಂದುವ ಸಾದಾ ಶಾಂಪೂ ಸಾಕು. ಅದು ದುಬಾರಿಯೇ ಆಗಬೇಕಿಲ್ಲ. ತೆಳುವಾಗಿ ಹಾಕಿ, ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿದರೆ ಅದರ ಮೃದುತನ ಇಮ್ಮಡಿಯಾಗುತ್ತದೆ. ಅಷ್ಟಾದ ಮೇಲೂ ಮರಿ ಕೆರೆದುಕೊಳ್ಳುತ್ತಿದ್ದರೆ ಮುಂದಿನ ಬಾಟಲಿಗೆ ಕೊಡುವ ಹಣವನ್ನು ಒಂದು ಚರ್ಮ ಪರೀಕ್ಷೆಗೆ ಕೊಡಿ.